ಕಂಪ್ಲಿಯ ಬೂದಿ ಚೀಲ

ಚಿತ್ತವಾಡ್ಗಿ, ಹೊಸಪೇಟೆ
ಡಿಸೆಂಬರ್ 2, 2024

ಶಿಲ್ಪಾ,

ಫೋನ್ ಮಾಡಿದರೆ ಎತ್ತುತ್ತಿಲ್ಲ. ಮೆಸೇಜು ಓದಿದ ನೀಲಿ ಗುರುತು ಬೀಳುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಕೆಲಸದ ಗಡಿಬಿಡಿ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸಾಕಾಯಿತು. ಸ್ಯಾಂಪಲ್ ತುಂಡುಗಳನ್ನೆಲ್ಲ ಕಂಪ್ಲಿ–ಸಂಡೂರು ಬಸ್ಸಿನ ಕಂಡಕ್ಟರ್ ಕೆಂಚಣ್ಣನ ಕೈಯಲ್ಲಿ ಕಳಿಸುತ್ತಿದ್ದೆವಲ್ಲ, ಇವತ್ತು ಅವನ ಕೈಗೆ ಪತ್ರ ಕೊಡುತ್ತಿದ್ದೇನೆ. ಫೋನಿನ ಹಾಗೆ ಇದನ್ನು ಕಟ್ ಮಾಡಲು ಬರುವುದಿಲ್ಲ, ನೋಡು.

ಗಾದಿಲಿಂಗನ ಸುದ್ದಿ ನಿನಗೆ ಮುಟ್ಟಿರಬೇಕು. ಅವನು ಜಂಬುನಾಥ್ ಅವರ ರೈಸ್ ಮಿಲ್ಲಿಗೆ ಮಾಡಿಕೊಟ್ಟ ಹೊಟ್ಟು ಊದುವ ಫ್ಯಾನು ಓಡುತ್ತಿರುವಾಗಲೇ ಸೀಳಿತು. ಒಂದು ರೆಕ್ಕೆ ತಗಡಿನ ಕವಚ ಹರಿದುಕೊಂಡು ಹೊರಗೆ ಹಾರಿ ಹಮಾಲಿ ಪಾಲಪ್ಪನ ಬಲ ಭುಜಕ್ಕೆ ಬಡಿದಿದೆ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಚೀಲ ಹೊರುವವನ ಭುಜ ಹೋದಮೇಲೆ ಉಳಿಯುವುದೇನು ಎಂದು ಅವರು ಹೇಳುವುದಿಲ್ಲ. ಗಾದಿಲಿಂಗ ಕಳಪೆ ಕೆಲಸ ಮಾಡಿದ ಎಂದು ಕಂಪ್ಲಿ ತುಂಬ ಮಾತಾಗಿದೆ.

ಅವನು ಆ ಫ್ಯಾನು ಕಟ್ಟಿದ್ದು ನಾವು ಮೂವರೂ ತುಂಬುವ ನಮ್ಮ ಕೂಡುದಾಖಲೆ ನೋಡಿಕೊಂಡು, ಅದರಲ್ಲೂ ನಿನ್ನ ಸಾಲು ನೋಡಿಕೊಂಡು. ಗಣಿಯ ಕೆಸರೆಳೆಯುವ ಪಂಪಿನ ಫ್ಯಾನಿಗೆ ನೀನು ಬಳಸುವ ಗಟ್ಟಿ ತಂತಿಯೇ ಅವನದೂ. ಅದೇ ಕರೆಂಟು, ಅದೇ ವೇಗ. ನಿನ್ನವು ವರ್ಷದಿಂದ ಓಡುತ್ತಿವೆ, ಅವನದು ಒಂದು ತಿಂಗಳೂ ಬಾಳಲಿಲ್ಲ. ಯಾಕೆ?

ಹಳೆಯದನ್ನು ನಿನಗೆ ನೆನಪಿಸಬೇಕಾಗಿ ಬಂದಿದ್ದಕ್ಕೇ ನನಗೆ ಸಿಟ್ಟು. ನಮ್ಮ ಮೂರೂ ರೋಬೋಗಳು ತಂತಿ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ಸಾಮಾನು ಕಟ್ಟುತ್ತವೆ. ಅವು ಆಡುವ ಭಾಷೆ ಮಾತ್ರ ಮೂರು. ನಿನ್ನದು ವೇಗವನ್ನು ಸೆಕೆಂಡಿನ ಲೆಕ್ಕದಲ್ಲಿ ಹೇಳಿದರೆ ನನ್ನದು ನಿಮಿಷದ ಲೆಕ್ಕದಲ್ಲಿ. ಗಾದಿಲಿಂಗನ ಮೆಷಿನ್ನಿನ ಫೈಲಂತೂ ನಮ್ಮಿಬ್ಬರ ಹತ್ತಿರ ತೆರೆಯುತ್ತಲೇ ಇರಲಿಲ್ಲ. ಮೂರನ್ನೂ ಒಂದೇ ಹೆಸರು, ಒಂದೇ ಅಳತೆಗೆ ತರಲು ನಾನು ಎಷ್ಟು ಒದ್ದಾಡಿದೆ ಎಂಬುದನ್ನು ನೀನು ಕಣ್ಣಾರೆ ಕಂಡಿದ್ದೀ. ಸಂಡೂರಿನಲ್ಲಿ ಸೀಳಿದ್ದು ಕಂಪ್ಲಿಯಲ್ಲಿ ಇನ್ನೊಮ್ಮೆ ಸೀಳಬಾರದು ಎಂಬುದೊಂದೇ ಆಸೆ.

ಕಮಲಾಪುರದ ಕೆರೆ ಏರಿಯ ಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಮೂವರೂ ಸೇರಿ ಕಟ್ಟಳೆ ಮಾಡಿಕೊಂಡೆವು. ಕೆಟ್ಟುಹೋದ ತುಂಡನ್ನೂ ದಾಖಲಿಸಬೇಕು. ಗೊತ್ತಿಲ್ಲದಿದ್ದರೆ, ಹೇಳಲು ಮನಸ್ಸಿಲ್ಲದಿದ್ದರೆ, ಕಾಲಂ ಖಾಲಿ ಬಿಡಬೇಕು. ಮಾಡಿಯೇ ಇಲ್ಲ ಎಂದಾಗ ಮಾತ್ರ 'ಇಲ್ಲ' ಎಂದು ಬರೆಯಬೇಕು. ಕೊನೆಯ ಕಟ್ಟಳೆ ನಿನ್ನದು: ಬರೆದ ಸಾಲನ್ನು ಯಾರೂ ಅಳಿಸಬಾರದು, ತಪ್ಪಿದ್ದರೆ ಅದರ ಕೆಳಗೆ ತಿದ್ದುಪಡಿ ಹಾಕಬೇಕು. "ಅಳಿಸಾಕ ಬಿಟ್ರ ಎಲ್ಲಾರೂ ಶಾಣ್ಯಾರ ಆಗ್ತಾರ" ಎಂದು ನೀನೇ ನಕ್ಕಿದ್ದೆ.

ನಿನ್ನ ರೋಬೋದ ಮೂಲ ಫೈಲು ಕಳಿಸು. ಅಳತೆ ಬದಲಿಸುವಾಗ ನಾನೇ ಎಲ್ಲೋ ಎಡವಿರಬಹುದು. ಹಾಗಾಗಿದ್ದರೆ ಜಂಬುನಾಥ್ ಅವರ ಮುಂದೆ ನಿಂತು ಒಪ್ಪಿಕೊಳ್ಳುತ್ತೇನೆ. ಗಾದಿಲಿಂಗ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ನಮಗಿಂತ ಹಿಂದಿನವನು, ಅಕ್ಕಾ ಅಕ್ಕಾ ಎಂದು ಬೆನ್ನು ಹತ್ತಿ ಬಂದವನು. ಲೇತು ಮಾರಿ ಈ ಮೆಷಿನ್ ತಗೋ, ದಾಖಲೆ ನಾವಿಬ್ಬರು ಕೊಡುತ್ತೇವೆ ಎಂದು ಪುಸಲಾಯಿಸಿದವಳು ನಾನು. ಅವನ ಹೆಸರು ಉಳಿಯಬೇಕು.

ನಿನ್ನ
ಶೈಲಾ


ಸಂಡೂರು
ಡಿಸೆಂಬರ್ 21, 2024

ಪ್ರೀತಿಯ ಶೈಲಾ,

ಕೆಂಚಣ್ಣ ಲಕೋಟೆ ಕೊಟ್ಟಾಗ ಯಾರದೋ ಮದುವೆ ಕಾರ್ಡು ಅಂದುಕೊಂಡೆ. ನೀನು ಹಾಳೆಯ ಮೇಲೆ ಪೆನ್ನು ಹಿಡಿಯುತ್ತೀ ಎಂದು ಯಾರಿಗೆ ಗೊತ್ತಿತ್ತು! ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೆಯೇ ಇದೆ, ಖುಷಿಯಾಯಿತು.

ಪಾಲಪ್ಪನ ವಿಷಯ ಕೇಳಿ ಅವತ್ತು ಊಟ ಸೇರಲಿಲ್ಲ. ನಮ್ಮ ಮನೆಯವರು ಹಾಲೇಶ್, ಕಂಪ್ಲಿಗೆ ಹೋದಾಗ ಹಣ್ಣು ಕೊಟ್ಟು ಬರುತ್ತೇನೆ ಎಂದಿದ್ದಾರೆ. ಇಲ್ಲಿ ನನಗೆ ಉಸಿರಾಡಲು ಬಿಡುವಿಲ್ಲ. ಗಣಿ ಕಂಪನಿಯವರು ನಮ್ಮ ಶಾಪನ್ನು ಕಾಯಂ ಮಾಡಿಕೊಳ್ಳುವ ಮಾತು ನಡೆದಿದೆ. ಬೇಸಿಗೆಯಲ್ಲಿ ಬಂದು ಎಲ್ಲ ತಪಾಸಣೆ ಮಾಡುತ್ತಾರಂತೆ, ಕೂಡುದಾಖಲೆಯನ್ನೂ ನೋಡುತ್ತಾರಂತೆ. ಒಂದು ಹೆಣ್ಣಿನ ಶಾಪಿಗೆ ಈ ಊರಲ್ಲಿ ಇಂಥ ಅವಕಾಶ ದಿನಾ ಬರುವುದಿಲ್ಲ, ನಿನಗೇ ಗೊತ್ತು.

ಮೂಲ ಫೈಲು ಇರುವ ಕಂಪ್ಯೂಟರ್ ರಿಪೇರಿಗೆ ಹೋಗಿದೆ. ಬಂದಮೇಲೆ ನೋಡೋಣ. ಗಾದಿಲಿಂಗ ಒಳ್ಳೆಯ ಹುಡುಗ, ಆದರೆ ಅವಸರದವನು. ಒಂದು ಪದರ ಆರುವ ಮೊದಲೇ ಇನ್ನೊಂದು ಹಾಕಿರುತ್ತಾನೆ. ನಿನ್ನ ಅಳತೆ ಬದಲಿಸುವ ಲೆಕ್ಕವನ್ನೂ ಒಮ್ಮೆ ನೋಡಿಬಿಡು, ನೀನೇ ಅನುಮಾನ ಪಟ್ಟಿದ್ದೀಯಲ್ಲ.

ಅಮ್ಮ ನಿನಗೆಂದು ಗುರೆಳ್ಳು ಚಟ್ನಿಪುಡಿ ಕಟ್ಟಿಕೊಟ್ಟಿದ್ದಾಳೆ. ಇನ್ನೊಂದು ಸಣ್ಣ ಮಾತು. ಗಾದಿಲಿಂಗ ಮಿಲ್ಲಿನಿಂದ ಹೊಟ್ಟಿನ ಬೂದಿ ಕಳಿಸುತ್ತಿದ್ದ, ನಿಲ್ಲಿಸಿಬಿಟ್ಟಿದ್ದಾನೆ. ಅಮ್ಮನಿಗೆ ಬೂದಿ ಹಚ್ಚಿ ತಿಕ್ಕದಿದ್ದರೆ ಪಾತ್ರೆ ಬೆಳಗಿದ ಸಮಾಧಾನವೇ ಇಲ್ಲ. ನೀನು ಆ ಕಡೆ ಹೋದರೆ ಎರಡು ಚೀಲ ಕಳಿಸಲು ಹೇಳು.

ನಿನ್ನ ನೆನಪಿನಲ್ಲಿ,
ಶಿಲ್ಪಾ


ಕಂಪ್ಲಿ
ಜನವರಿ 9, 2025

ಶೈಲಕ್ಕನಿಗೆ ಗಾದಿಲಿಂಗನ ನಮಸ್ಕಾರಗಳು.

ನೀವು ಎರಡು ಸಲ ಬಂದು ಹೋದಿರಿ. ನಾನು ಮನೆಯಲ್ಲೇ ಇದ್ದೆ, ಬೇಕೆಂದೇ ಹೊರಗೆ ಬರಲಿಲ್ಲ. ಸಿಟ್ಟಿನಿಂದಲ್ಲ. ಎದುರಿಗೆ ಕೂತರೆ ಅತ್ತುಬಿಡುತ್ತೇನೆ ಎಂಬ ಹೆದರಿಕೆ.

ಪಾಲಪ್ಪನ ಹೆಂಡತಿ ಉಚ್ಚೆಂಗಮ್ಮ ಶಾಪಿಗೆ ಬಂದಿದ್ದಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. "ಕಲತಾಂವ ಅದಿಯಪಾ ನೀ. ನೋಡಿ ಮಾಡಬೇಕಿಲ್ಲೇನು?" ಎಂದು ಕೇಳಿ ಹೋದಳು. ನೋಡಿಯೇ ಮಾಡಿದ್ದೆ, ಅಕ್ಕಾ. ಕೂಡುದಾಖಲೆಯ ಆ ಸಾಲನ್ನು ತೆರೆದಿಟ್ಟುಕೊಂಡು ಒಂದೊಂದು ಕಾಲಂ ಮುಟ್ಟಿ ಮುಟ್ಟಿ ಮಾಡಿದೆ. 'ಕಟ್ಟಿದ ಮೇಲೆ ಮಾಡಿದ ಕೆಲಸ' ಎಂಬಲ್ಲಿ ಶಿಲ್ಪಕ್ಕ 'ಇಲ್ಲ' ಎಂದು ಬರೆದಿದ್ದರು. ನಾನೂ ಏನೂ ಮಾಡಲಿಲ್ಲ, ಹೊರಗಿನ ಗಾಳಿಗೆ ಆರಲು ಬಿಟ್ಟೆ.

ಗುಜರಿ ತಂತಿ ಹಾಕಿ ಮೋಸ ಮಾಡಿದ ಎಂದು ಜಂಬುನಾಥ್ ಅವರು ಕಂಡವರ ಹತ್ತಿರ ಹೇಳುತ್ತಿದ್ದಾರೆ. ಬೇರೆ ಮಿಲ್ಲಿನವರೂ ಕೊಟ್ಟ ಕೆಲಸ ವಾಪಸು ತೆಗೆದುಕೊಂಡರು. ರೋಬೋಗೆ ತಾಡಪಾಲು ಹೊದಿಸಿದ್ದೇನೆ.

ಒಂದು ವಿಷಯ ಹೇಳಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಶಿಲ್ಪಕ್ಕ ಫೋನ್ ಮಾಡಿದ್ದರು. ತಪ್ಪು ನನ್ನದಲ್ಲ, ಹೊಸಪೇಟೆಯಲ್ಲಿ ಅಳತೆ ಬದಲಿಸುವಾಗ ಆಗಿದೆ ಎಂದರು. ಇದನ್ನು ನಿಮಗೆ ಹೇಳಬೇಡ, ನೊಂದುಕೊಳ್ಳುತ್ತೀರಿ ಎಂದೂ ಅಂದರು. ನಾನು ನಂಬಲಿಲ್ಲ. ಆದರೆ ಮಲಗಿದಾಗ ಅದೇ ತಲೆಯಲ್ಲಿ ಸುತ್ತುತ್ತದೆ. ಅವರು ಬೂದಿಯನ್ನೂ ಕೇಳಿದರು. ಮಿಲ್ಲಿನ ಗೇಟು ದಾಟುವ ಮುಖ ನನಗಿಲ್ಲ, ದಯವಿಟ್ಟು ನೀವೇ ಅವರಿಗೆ ಹೇಳಿಬಿಡಿ.

ತಮ್ಮ,
ಗಾದಿಲಿಂಗ


ಚಿತ್ತವಾಡ್ಗಿ, ಹೊಸಪೇಟೆ
ಫೆಬ್ರವರಿ 16, 2025

ಶಿಲ್ಪಶ್ರೀ,

ನನ್ನ ಅಳತೆಯ ಲೆಕ್ಕವನ್ನು ಮತ್ತೆ ನೋಡು ಎಂದಿದ್ದೆ. ನೋಡಿದೆ. ನಿದ್ದೆಗೆಟ್ಟು ನೋಡಿದೆ. ಗಾದಿಲಿಂಗನಿಗೆ ನೀನು ಫೋನಿನಲ್ಲಿ ಹೇಳಿದ್ದನ್ನು ಕೇಳಿದ ಮೇಲೂ ಮೊದಲು ಅನುಮಾನ ಪಟ್ಟಿದ್ದು ನನ್ನನ್ನೇ. ನನ್ನ ಕೆಲಸದಲ್ಲಿ ತಪ್ಪು ಸಿಕ್ಕಿದ್ದರೆ ನಿನ್ನ ಮೇಲಿನ ನಂಬಿಕೆ ಉಳಿಯುತ್ತಿತ್ತು. ಸಿಗಲಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕೆಂಚಣ್ಣ ಸಿಕ್ಕಿದ್ದ. ಬೂದಿ ನಿಂತ ಮೇಲೆ ಸಂಡೂರಿನ ಅಕ್ಕ ದಿನವೂ ಬಸ್ಸಿನ ಹತ್ತಿರ ಬಂದು ಕೇಳುತ್ತಾರೆ ಎಂದ. "ಒಂದು ಮನಿ ಪಾತ್ರಿ ತಿಕ್ಕಾಕ ಅಷ್ಟು ಚೀಲ ಬೇಕೇನ್ರಿ ಅಕ್ಕಾರ?" ಎಂದು ನಕ್ಕ. ನಾನೂ ನಗಲು ಹೋದೆ, ಆಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತೆ. ಸಂಡೂರಿನ ಬಸ್ಸು ಹೋಯಿತು, ಹಂಪಿಯ ಬಸ್ಸು ಬಂದು ಪ್ರವಾಸಿಗಳನ್ನು ತುಂಬಿಕೊಂಡು ಹೋಯಿತು, ನಾನು ಕೂತೇ ಇದ್ದೆ.

ಆಮೇಲೆ ಕಂಪ್ಲಿಗೆ ಹೋಗಿ ಬೇರೊಂದು ಮಿಲ್ಲಿನಿಂದ ಬೂದಿ ತಂದೆ. ನಿನ್ನ ಸಾಲಿನಲ್ಲಿದ್ದ ಹಾಗೆಯೇ, ಅದೇ ತಂತಿಯಲ್ಲಿ ಎರಡು ರೆಕ್ಕೆ ಕಟ್ಟಿದೆ. ಒಂದನ್ನು ಹೊರಗೆ ಇಟ್ಟೆ. ಇನ್ನೊಂದನ್ನು ಕೆಂಪಗಿರುವಾಗಲೇ ಬೂದಿಯ ಡ್ರಮ್ಮಿನಲ್ಲಿ ಹೂತೆ. ಹೊರಗಿಟ್ಟದ್ದು ನಾನು ಚಹಾ ಕುಡಿಯುತ್ತಿರುವಾಗ ಟಣ್ ಎಂದಿತು, ಅಷ್ಟೇ. ಕಣ್ಣಿಗೆ ಏನೂ ಕಾಣಲಿಲ್ಲ. ಬಿರುಕಿದ್ದರೆ ಅದರೊಳಗೆ ಇಳಿದು ಉಳಿಯುವ ಕೆಂಪು ಬಣ್ಣ ಬಳಿದು ಒರೆಸಿ ನೋಡಿದರೆ ಬುಡದಲ್ಲಿ ಕೂದಲಿನಷ್ಟು ತೆಳುವಾದ ಗೆರೆ. ಬೂದಿಯಲ್ಲಿದ್ದದ್ದು ಮರುದಿನವೂ ಬೆಚ್ಚಗಿತ್ತು. ಹೊರತೆಗೆದು ಬಣ್ಣ ಬಳಿದೆ, ಒರೆಸಿದೆ. ಒಂದು ಗೆರೆಯೂ ಇಲ್ಲ.

ನಿಧಾನವಾಗಿ ತಣಿಸಬೇಕಿತ್ತು. ನಿನಗೆ ಗೊತ್ತಿತ್ತು. ಗೊತ್ತಿದ್ದೂ 'ಇಲ್ಲ' ಎಂದು ಬರೆದೆ.

ನಿಮ್ಮಮ್ಮ ದ್ಯಾಮಕ್ಕನ ಚಟ್ನಿಪುಡಿಯ ವಿಷಯಕ್ಕೆ ನಾವಿಬ್ಬರೂ ಎಷ್ಟು ನಕ್ಕಿಲ್ಲ! ಓಣಿಯಲ್ಲಿ ಯಾರು ಕೇಳಿದರೂ ಪಾಪ, ಬಾಯಿತುಂಬ ಹೇಳಿಕೊಡುತ್ತಾರೆ, ಒಂದೇ ಒಂದು ಸಾಮಾನು ಬಿಟ್ಟು. ಆ ಪ್ರಕಾರ ಮಾಡಿದ ನಮ್ಮ ಮನೆಯ ಪುಡಿ ಸಪ್ಪೆಯಾಗುತ್ತಿತ್ತು. ನಮ್ಮಮ್ಮ ಬೈದುಕೊಂಡು ಇನ್ನಷ್ಟು ಉಪ್ಪು ಹಾಕುತ್ತಿದ್ದಳು. ಸಪ್ಪೆ ಪುಡಿ ತಿಂದು ಯಾರ ಭುಜವೂ ಮುರಿಯಲಿಲ್ಲ, ಶಿಲ್ಪಾ. ಅಡುಗೆಮನೆಯ ಚಾಳಿಯನ್ನು ನೀನು ಎಲ್ಲಿಗೆ ತಂದೆ ನೋಡು.

ಆ ಕಾಲಂ ಖಾಲಿ ಬಿಡಬಹುದಿತ್ತು. ನಮ್ಮ ಕಟ್ಟಳೆಯಲ್ಲೇ ಅದಕ್ಕೆ ಜಾಗವಿತ್ತು. ಖಾಲಿ ಕಂಡಿದ್ದರೆ ಗಾದಿಲಿಂಗ ನನಗೆ ಕೇಳುತ್ತಿದ್ದ, ನಾನು ನಿನಗೆ ಕೇಳುತ್ತಿದ್ದೆ. ನೀನು ಹೇಳುವುದಿಲ್ಲ ಎಂದಿದ್ದರೆ ಅವನು ಆ ಫ್ಯಾನು ಕಟ್ಟುತ್ತಲೇ ಇರಲಿಲ್ಲ. ಇನ್ನೊಂದು ಮಾತು ಕೇಳಲೇಬೇಕು. ಆ ಬೂದಿಯನ್ನು ಅವನ ಕೈಯಿಂದಲೇ ತರಿಸಿದೆಯಲ್ಲ, ನಿನಗೆ ಹೇಗೆ ಮನಸ್ಸಾಯಿತು?

ಪತ್ರಕ್ಕೆ ಪತ್ರ ಬೇಡ. ಮೂಲ ಫೈಲು ಕಳಿಸು. ಅದಿಲ್ಲದೆ ಜಂಬುನಾಥ್ ಅವರು ನನ್ನ ಮಾತು ಕೇಳುವುದಿಲ್ಲ. ಗೆಳತಿಯರಿಬ್ಬರ ಜಗಳಕ್ಕೆ ನಮ್ಮ ಹಮಾಲಿಯನ್ನು ತರಬೇಡಿ ಎಂದುಬಿಟ್ಟರು.

ಶೈಲಜಾ


ಸಂಡೂರು
ಏಪ್ರಿಲ್ 5, 2025

ಶೈಲಾ,

ಈ ಪತ್ರವನ್ನು ಎಷ್ಟು ಸಲ ಬರೆದು ಹರಿದೆನೋ. ಕೊನೆಗೆ ಇದ್ದದ್ದನ್ನು ಇದ್ದಹಾಗೆ ಹೇಳುವುದೇ ಸುಲಭ ಎನಿಸಿತು.

ಹೌದು, ಗೊತ್ತಿತ್ತು. ನನ್ನ ಮೊದಲ ಫ್ಯಾನುಗಳು ಒಂದಾದಮೇಲೊಂದು ಸೀಳಿದವು. ಅಡುಗೆಮನೆ ಬಿಟ್ಟು ಕಬ್ಬಿಣದ ಅಂಗಡಿ ಇಟ್ಟರೆ ಹೀಗೇ ಆಗುವುದು ಎಂದು ಮೈದುನಂದಿರು ಊಟಕ್ಕೆ ಕೂತಾಗಲೆಲ್ಲ ನಗುತ್ತಿದ್ದರು. ಒಂದು ದಿನ ಅಮ್ಮ ಒಲೆಯ ಕೆಂಡವನ್ನು ಬೂದಿ ಮುಚ್ಚಿ ಬಿಟ್ಟಿದ್ದನ್ನು ನೋಡಿ ಹೊಳೆಯಿತು. ಮಾಡಿದೆ, ಆಯಿತು. ಆ ಖುಷಿಯನ್ನು ನಿನಗೇ ಮೊದಲು ಹೇಳಬೇಕು ಎಂದು ಫೋನ್ ಕೈಗೆತ್ತಿಕೊಂಡಿದ್ದೆ, ನಿಜ ಹೇಳುತ್ತೇನೆ. ಅವತ್ತೇ ಪೇಪರಿನಲ್ಲಿ ನಿನ್ನ ಫೋಟೊ ಬಂದಿತ್ತು. ಧಾರವಾಡದ ಸಭೆಯಲ್ಲಿ ನೀನು ಮಾತಾಡಿದ್ದು. 'ಹೊಸಪೇಟೆಯ ಶೈಲಜಾ ಕಟ್ಟಿದ ದಾಖಲೆ' ಎಂದು ದಪ್ಪ ಅಕ್ಷರದಲ್ಲಿ. ನಾನು ಸೀಳಿಸಿದ್ದು, ನಾನು ಸುಟ್ಟುಕೊಂಡದ್ದು, ನಾನು ಅನ್ನಿಸಿಕೊಂಡದ್ದು, ಎಲ್ಲ ನಿನ್ನ ದಾಖಲೆಯಾಗಿತ್ತು. ನನ್ನದು ಅಂತ ಒಂದಾದರೂ ನನ್ನ ಹತ್ತಿರ ಇರಲಿ ಎಂದು ಫೋನ್ ಕೆಳಗಿಟ್ಟೆ.

ಯಾಕೆ ಖಾಲಿ ಬಿಡಲಿಲ್ಲ ಎಂದು ಕೇಳಿದ್ದೀ. ಖಾಲಿ ಬಿಟ್ಟರೆ ನೀನು ಕೇಳುತ್ತೀ ಎಂದೇ ಬಿಡಲಿಲ್ಲ. ನೀನು ಕೇಳಿದರೆ ನನಗೆ ಮುಚ್ಚಿಡಲು ಬರುವುದಿಲ್ಲ.

ಯಾರಿಗಾದರೂ ಏಟಾಗುತ್ತದೆ ಎಂದು ನನ್ನ ಮನಸ್ಸಿಗೆ ಬಂದಿರಲೇ ಇಲ್ಲ. ಬಹಳ ಅಂದರೆ ಸೀಳುತ್ತದೆ, ನನ್ನ ಹತ್ತಿರ ಬಂದು ಕೇಳುತ್ತಾರೆ, ಆಗ ದೊಡ್ಡ ಮನಸ್ಸು ಮಾಡಿ ಹೇಳಿಕೊಡುತ್ತೇನೆ ಅಂದುಕೊಂಡಿದ್ದೆ. ಗಾದಿಲಿಂಗನಿಗೆ ನಿನ್ನ ಮೇಲೆ ಹೇಳಿದ್ದು ಹೆದರಿಕೆಗೆ. ಅದಕ್ಕೆ ನನ್ನ ಹತ್ತಿರ ಯಾವ ಸಬೂಬೂ ಇಲ್ಲ.

ಇದರ ಜೊತೆ ಪೆನ್‌ಡ್ರೈವ್ ಇದೆ. ಮೂಲ ಫೈಲುಗಳೆಲ್ಲ ಇವೆ, ಸೀಳಿದವೂ, ಬೂದಿಯವೂ. ಜಂಬುನಾಥ್ ಅವರಿಗೆ ತೋರಿಸು.

ಒಂದೇ ಒಂದು ಬೇಡಿಕೆ. ಆ ಹಳೆಯ ಸಾಲನ್ನು ತೆಗೆದುಬಿಡು. ಹೊಸದನ್ನು ಅದರ ಜಾಗದಲ್ಲಿ ಇಡು. ಮುಂದಿನ ತಿಂಗಳು ಗಣಿಯವರು ದಾಖಲೆ ನೋಡುತ್ತಾರೆ. 'ಇಲ್ಲ' ಎನ್ನುವುದರ ಎದುರು ನನ್ನ ಹೆಸರು, ಅದರ ಕೆಳಗೆ ತಿದ್ದುಪಡಿ, ಅದರ ತಾರೀಖು ಪಾಲಪ್ಪನಿಗೆ ಏಟಾದ ಮೇಲಿನದು! ಓದಿದವರಿಗೆ ಎಲ್ಲ ತಿಳಿಯುತ್ತದೆ. ದಾಖಲೆಯ ಕೀಲಿ ನಿನ್ನ ಕೈಯಲ್ಲಿದೆ. ಅಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿ ಬೂದಿ ಮುಗಿದು ಹೋಗಿದೆ. ಮರಳಿನಲ್ಲಿ ಹೂತು ನೋಡಿದೆ, ಸರಿಯಾಗುತ್ತಿಲ್ಲ. ಒಪ್ಪಿಕೊಂಡ ಫ್ಯಾನುಗಳನ್ನು ಕೊಡುವ ದಿನ ಬಂತು. ಹೇಗೋ ಕೊಡಲೇಬೇಕು.

ನನ್ನನ್ನು ಬೈಯಬೇಕೆನಿಸಿದರೆ ಬೈ. ಸುಮ್ಮನಿರಬೇಡ.

ಶಿಲ್ಪಾ


ಚಿತ್ತವಾಡ್ಗಿ, ಹೊಸಪೇಟೆ
ಏಪ್ರಿಲ್ 27, 2025

ಶಿಲ್ಪಶ್ರೀ,

ಬೈಯಬೇಕೆಂದೇ ಕೂತೆ. ಬೈಗುಳವೆಲ್ಲ ನಿನ್ನ ಜೊತೆ ಸೇರಿ ಕಲಿತದ್ದು, ಒಂದೂ ಬಾಯಿಗೆ ಬರುತ್ತಿಲ್ಲ.

ಫೈಲುಗಳು ಸರಿಯಾಗಿವೆ. ಜಂಬುನಾಥ್ ಅವರ ಪೇಟೆಯ ಆಫೀಸಿನಲ್ಲಿ ನನ್ನ ಎರಡು ರೆಕ್ಕೆಗಳನ್ನೂ ನಿನ್ನ ಫೈಲನ್ನೂ ಮುಂದಿಟ್ಟೆ. ಅವರು ಬಹಳ ಹೊತ್ತು ಆ ಕೆಂಪು ಗೆರೆಯ ಮೇಲೆ ಉಗುರು ಆಡಿಸಿದರು. ಗಾದಿಲಿಂಗನನ್ನು ಕರೆಸಿ ಕುರ್ಚಿ ತೋರಿಸಿದರು. ತಪ್ಪಾಯಿತು ಎನ್ನಲಿಲ್ಲ, ಹೊಸ ಫ್ಯಾನು ಯಾವಾಗ ಕೊಡುತ್ತೀ ಎಂದು ಕೇಳಿದರು. ಅವನಿಗೆ ಅಷ್ಟು ಸಾಕಾಯಿತು. ಪಾಲಪ್ಪನನ್ನು ಗೇಟಿನ ಹತ್ತಿರ ಕೂರಿಸಿದ್ದಾರೆ, ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ. ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾನೆ. ಬಲಗೈ ಮೇಲೆ ಏಳುವುದಿಲ್ಲ. ಅದಕ್ಕೆ ತಿದ್ದುಪಡಿ ಹಾಕಲು ನಮ್ಮ ಮೂವರಿಗೂ ಬರುವುದಿಲ್ಲ.

ಧಾರವಾಡದಲ್ಲಿ ನಾನು ಮೂವರ ಹೆಸರನ್ನೂ ಹೇಳಿದ್ದೆ. ಪೇಪರಿನವರು ಒಂದನ್ನೇ ಹಾಕಿದರು. ನೀನು ಅವತ್ತೇ ಬಂದು ನನ್ನ ಜುಟ್ಟು ಹಿಡಿದು ಕೇಳಿದ್ದರೆ ಮರುದಿನವೇ ಹೋಗಿ ತಿದ್ದಿಸುತ್ತಿದ್ದೆ. ನೀನು ಕೇಳಲಿಲ್ಲ. ನನ್ನ ಮೇಲಿನ ಸಿಟ್ಟನ್ನು ಕಂಪ್ಲಿಯಲ್ಲಿ ಚೀಲ ಹೊರುತ್ತಿದ್ದವನ ಮೇಲೆ ತೀರಿಸಿದೆ. ನಿನಗೆ ಅದು ಗೊತ್ತಿರಲಿಲ್ಲ ಎನ್ನುತ್ತೀ. ಗೊತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ನಂಬಿದರೂ ನೋವು ಕಡಿಮೆಯಾಗುತ್ತಿಲ್ಲ, ಏನು ಮಾಡಲಿ?

ಹಳೆಯ ಸಾಲನ್ನು ನಾನು ಅಳಿಸಿಲ್ಲ, ಅಳಿಸುವುದೂ ಇಲ್ಲ. ಅದು ನಿನ್ನದೇ ಕಟ್ಟಳೆ. 'ಇಲ್ಲ' ಎನ್ನುವುದು ನಿನ್ನ ಹೆಸರಿನ ಎದುರು ಹಾಗೆಯೇ ಇದೆ. ಅದರ ಕೆಳಗೆ ಬೂದಿಯ ಸಾಲು, ಅದರ ಎದುರೂ ನಿನ್ನದೇ ಹೆಸರು. ಕಂಡುಹಿಡಿದವಳು ನೀನು, ಅದನ್ನು ಯಾರೂ ನಿನ್ನಿಂದ ಕಿತ್ತುಕೊಳ್ಳುವುದಿಲ್ಲ. ಗಣಿಯವರು ಎರಡನ್ನೂ ಓದಲಿ. ಏನಂದುಕೊಳ್ಳಬೇಕು ಎಂಬುದು ಅವರಿಗೆ ಬಿಟ್ಟದ್ದು.

ಗಾದಿಲಿಂಗನಿಗೆ ಎಲ್ಲ ಹೇಳಿದ್ದು ನಾನೇ. ಅವನ ಶಾಪಿನಲ್ಲಿ, ತಾಡಪಾಲು ತೆಗೆಯುತ್ತ ಹೇಳಿದೆ. ಸಿಟ್ಟಾಗುತ್ತಾನೆ, ನನ್ನ ಹಾಗೆ ಕೂಗಾಡುತ್ತಾನೆ ಎಂದು ಕಾದೆ. ತಾಡಪಾಲನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದ. ಆಮೇಲೆ, "ಅಕ್ಕಾ, ಆ ಚೀಲ ನಾನ ಹೊತ್ತು ಬಸ್ಸಿಗೆ ಹಾಕೀನಿ" ಎಂದ. ಈಗ ಅವನು ಮತ್ತೆ ಕೆಲಸ ಹಿಡಿದಿದ್ದಾನೆ. ಆದರೆ ದಾಖಲೆ ತೆರೆದಾಗಲೆಲ್ಲ ಫೋನ್ ಮಾಡಿ, "ಇದು ಖರೇ ಏನಕ್ಕಾ?" ಎಂದು ಕೇಳುತ್ತಾನೆ. ನಾನೇ ಬರೆದ ಸಾಲಿಗೂ ಕೇಳುತ್ತಾನೆ. ಖರೇ ಎನ್ನುತ್ತೇನೆ. ಇನ್ನೊಮ್ಮೆ ಕೇಳಿ ಫೋನ್ ಇಡುತ್ತಾನೆ. ನೀನು ಕೆಡಿಸಿದ್ದು ಒಂದು ಫ್ಯಾನನ್ನಲ್ಲ.

ನಿನ್ನ ಪತ್ರದ ಕೊನೆಯನ್ನು ಅವನಿಗೆ ಓದಿ ಹೇಳಿದೆ, ಬೂದಿ ಮುಗಿದಿದೆ ಎಂಬುದನ್ನು. ಕುಹಕಕ್ಕೇ ಓದಿದೆ, ಅವನಿಗೂ ಸ್ವಲ್ಪ ಸಮಾಧಾನವಾಗಲಿ ಎಂದು. ಅವನು ಎದ್ದು ಹೋದ. ಅಷ್ಟು ತಿಂಗಳು ದಾಟದಿದ್ದ ಮಿಲ್ಲಿನ ಗೇಟು ದಾಟಿ ಒಳಗೆ ಹೋಗಿ, ಚೀಲ ತುಂಬಿಸಿಕೊಂಡು ಬಂದ. ನನಗೆ ಮೈಯೆಲ್ಲ ಉರಿಯಿತು. ಯಾಕೋ ಕಳಿಸುತ್ತೀ, ಸೀಳಲಿ ಬಿಡು ಎಂದೆ. "ಸಂಡೂರಾಗ ಪಂಪಿನ ಮಗ್ಗಲಕ ಯಾರರ ನಿಂತಿರ್ತಾರಲ್ಲಕ್ಕಾ" ಎಂದ.

ನಾನಾಗಿದ್ದರೆ ಕಳಿಸುತ್ತಿರಲಿಲ್ಲ. ಇದನ್ನು ನಿನಗೆ ತಿಳಿಸಿಯೇ ಈ ಪತ್ರ ಮುಗಿಸಬೇಕು ಎನಿಸಿತು.

ನಾಳೆ ಬೆಳಗಿನ ಬಸ್ಸಿನಲ್ಲಿ ಕೆಂಚಣ್ಣ ಎರಡು ಚೀಲ ತರುತ್ತಾನೆ, ಇಳಿಸಿಕೋ. ಮಿಲ್ಲಿನ ಚೀಲಕ್ಕೆ ಬಳಿಯುವ ನೀಲಿ ಬಣ್ಣದಲ್ಲಿ ಗಾದಿಲಿಂಗ ಈ ಸಲ ಮೇಲೆ ಬರೆದಿದ್ದಾನೆ, ಪಾತ್ರೆ ತಿಕ್ಕಲು ಎಂದಲ್ಲ, ಕಬ್ಬಿಣ ತಣಿಸಲು ಎಂದು.

ಶೈಲಜಾ